ಹೆಬ್ಬೆಟ್ಟಿನ ಗುರುತಿನಿಂದ ಒಂದು ಕಥೆ: ಸಣ್ಣಕಥೆ ಕಟ್ಟುವ ಕ್ರಮ

ಕಥೆ ಬರೆಯುವುದನ್ನು ಕಲಿಸುವ ಪಾಠಗಳಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: ವಸ್ತು, ಪಾತ್ರ, ಕಥಾಹಂದರ, ಆವರಣ, ಸಂಘರ್ಷ, ನಿರೂಪಣೆ, ಸಂಭಾಷಣೆ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಹೊಸದಾಗಿ ಬರೆಯಲು ಕುಳಿತವರು ಅದನ್ನು ಅಂಗಡಿ ಸಾಮಾನಿನ ಚೀಟಿಯಂತೆ ಓದಿಕೊಂಡು, ಒಂದೊಂದನ್ನೇ ತಂದು ಸುರಿದರೆ ಕಥೆ ತಾನಾಗಿ ಆಗುತ್ತದೆಂದು ನಂಬುತ್ತಾರೆ. ಹಾಗೆ ಬರೆದ ಕಥೆಯಲ್ಲಿ ಊರಿನ ವರ್ಣನೆಗೆ ಒಂದು ಪುಟ, ನಾಯಕಿಯ ರೂಪಗುಣಗಳಿಗೆ ಒಂದು ಪುಟ, ಆಮೇಲೆ ಒಂದು ಕಷ್ಟ, ಕೊನೆಗೊಂದು ಪರಿಹಾರ ಇರುತ್ತವೆ. ಓದಿದವರಿಗೆ ಮಾತ್ರ ಏನೂ ತಾಗುವುದಿಲ್ಲ. ನಾನು ಕಂಡುಕೊಂಡಂತೆ ಈ ಅಂಗಗಳು ಒಂದರಿಂದ ಒಂದು ಹುಟ್ಟುವಂಥವು. ಯಾರಿಗೆ ಏನು ಬೇಕು ಎಂಬುದು ಖಚಿತವಾದರೆ ತಡೆ ಯಾವುದೆಂದು ತಿಳಿಯುತ್ತದೆ. ತಡೆ ತಿಳಿದರೆ ಕಥೆ ಎಲ್ಲಿ ತೊಡಗಬೇಕೆಂದು ತಿಳಿಯುತ್ತದೆ. ಅದನ್ನು ಯಾರು ಹೇಳುತ್ತಿದ್ದಾರೆ ಎಂಬುದು ನಿರ್ಧಾರವಾದರೆ ಭಾಷೆಯೂ ವಿವರಗಳೂ ಮುಕ್ಕಾಲು ಪಾಲು ಒದಗಿಬರುತ್ತವೆ. ಆದ್ದರಿಂದ ಇಲ್ಲಿ ಲಕ್ಷಣಗಳನ್ನು ಬಿಡಿಬಿಡಿಯಾಗಿ ಹೇಳದೆ, ಒಂದು ಚಿಕ್ಕ ಘಟನೆಯನ್ನು ಕೈಗೆತ್ತಿಕೊಂಡು ಹಂತಹಂತವಾಗಿ ಕಥೆಯಾಗಿ ಕಟ್ಟುತ್ತೇನೆ. ಪಕ್ಕದಲ್ಲಿ ಹಾಳೆಯೊಂದನ್ನು ಇಟ್ಟುಕೊಂಡು ನಿಮ್ಮದೇ ಒಂದು ಘಟನೆಯನ್ನು ಜೊತೆಜೊತೆಗೆ ಕಟ್ಟುತ್ತ ಬನ್ನಿ.

ಮೊದಲ ಹೆಜ್ಜೆ: ಘಟನೆಯನ್ನು ನಾಲ್ಕು ಸಾಲಿನಲ್ಲಿ ಬರೆದುಕೊಳ್ಳುವುದು

ಮಲೆನಾಡಿನ ಸಾಗರ ಪಟ್ಟಣದ ಕಡೆಯ ಒಂದು ಹಳ್ಳಿ. ಅರವತ್ತೈದು ದಾಟಿದ ಹೆಂಗಸೊಬ್ಬಳು, ಚೌಡಮ್ಮ ಎಂದು ಕರೆಯೋಣ, ತಿಂಗಳ ಅಕ್ಕಿ ತರಲು ನ್ಯಾಯಬೆಲೆ ಅಂಗಡಿಗೆ ಹೋಗುತ್ತಾಳೆ. ಯಂತ್ರದ ಮೇಲೆ ಹೆಬ್ಬೆಟ್ಟು ಇಡುತ್ತಾಳೆ. ವರ್ಷಗಟ್ಟಲೆ ಅಡಿಕೆ ಸುಲಿದು ಬೆರಳಿನ ಗೆರೆಗಳು ಸವೆದಿರುವುದರಿಂದ ಯಂತ್ರ ಅವಳ ಗುರುತು ಹಿಡಿಯುವುದಿಲ್ಲ. ಅವಳು ಬರಿಗೈಯಲ್ಲಿ ಹಿಂದಿರುಗುತ್ತಾಳೆ.

ಇದು ಘಟನೆ. ಪತ್ರಿಕೆಯಲ್ಲಿ ಸುದ್ದಿಯಾಗಬಹುದು, ಓದಿದವರು ಅಯ್ಯೋ ಎನ್ನಬಹುದು. ಆದರೆ ಇದಿನ್ನೂ ಕಥೆಯಲ್ಲ, ಏಕೆಂದರೆ ಚೌಡಮ್ಮನ ಜಾಗದಲ್ಲಿ ಬೇರೆ ಯಾವ ಮುದುಕಿಯನ್ನು ನಿಲ್ಲಿಸಿದರೂ ಇದರಲ್ಲಿ ಏನೂ ಬದಲಾಗುವುದಿಲ್ಲ. ನಿಮ್ಮ ಹಾಳೆಯ ಮೇಲಿನ ಘಟನೆಗೂ ಈ ಪರೀಕ್ಷೆಯನ್ನು ಒಡ್ಡಿ ನೋಡಿ: ವ್ಯಕ್ತಿಯನ್ನು ಬದಲಿಸಿದರೂ ಘಟನೆ ಹಾಗೆಯೇ ಉಳಿಯುವುದಾದರೆ, ನಿಮ್ಮ ಕೈಯಲ್ಲಿರುವುದು ಒಂದು ಪರಿಸ್ಥಿತಿ ಮಾತ್ರ. ಅನ್ಯಾಯದ ಬಗ್ಗೆ ಸಿಟ್ಟಿನಿಂದ ಬರೆಯಲು ಹೊರಟವರು ಇಲ್ಲಿಯೇ ನಿಂತುಬಿಡುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅವರ ಸಿಟ್ಟು ನಿಜವಾದದ್ದು, ಬೇಕಾದದ್ದು. ಆದರೆ ಆ ಅನ್ಯಾಯ ಒಬ್ಬಳೇ ಒಬ್ಬಳ ಬಾಳಿನ ಯಾವ ಮೂಲೆಯಲ್ಲಿ ಹೋಗಿ ತಗುಲಿತು ಎಂಬುದನ್ನು ಹುಡುಕುವ ತಾಳ್ಮೆಯೂ ಅದರ ಜೊತೆಗೆ ಬೇಕು.

ಎರಡನೆಯ ಹೆಜ್ಜೆ: ಅವಳಿಗೆ ಏನು ಬೇಕು

ಪಾತ್ರವನ್ನು ರೂಪಿಸುವುದೆಂದರೆ ವಯಸ್ಸು, ಬಣ್ಣ, ಸೀರೆಯ ಅಂಚು, ಸ್ವಭಾವ ಇವುಗಳನ್ನು ಬರೆಯುವುದೆಂಬ ತಿಳಿವಳಿಕೆ ಬಹಳ ಜನರಲ್ಲಿದೆ. ಅವೆಲ್ಲ ಆಮೇಲೆ ಬರುತ್ತವೆ. ಪಾತ್ರ ಜೀವ ತಳೆಯುವುದು ಬಯಕೆಯಿಂದ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾದ ಕಾದಂಬರಿ. ಚೋಮನ ಚಹರೆ ಹೇಗಿತ್ತೆಂಬುದು ಓದಿದವರಿಗೆ ಮರೆತುಹೋಗಿರಬಹುದು, ಆದರೆ ಅವನಿಗೆ ಏನು ಬೇಕಾಗಿತ್ತೆಂಬುದು ಯಾರಿಗೂ ಮರೆಯುವುದಿಲ್ಲ. ಅವನ ಬಳಿ ಒಂದು ಜೊತೆ ಎತ್ತುಗಳಿವೆ. ತನ್ನದೇ ಬೇಸಾಯ ಮಾಡಬೇಕೆಂಬುದು ಅವನ ಆಸೆ. ಅಸ್ಪೃಶ್ಯನೆಂಬ ಕಾರಣಕ್ಕೆ ಉಳಲು ನೆಲ ಕೊಡಲು ಆ ಸಮಾಜ ಸಿದ್ಧವಿಲ್ಲ. ಎಷ್ಟು ಸಣ್ಣ, ಎಷ್ಟು ಸ್ಪಷ್ಟವಾದ ಆಸೆ ಎಂಬುದನ್ನು ಗಮನಿಸಿ. ‘ಗೌರವದಿಂದ ಬದುಕಬೇಕು’ ಎಂಬ ಅಮೂರ್ತ ಬಯಕೆಯಿಂದ ಕಾದಂಬರಿ ಕಟ್ಟಲಾಗುವುದಿಲ್ಲ. ಎತ್ತು, ನೇಗಿಲು, ತುಂಡು ನೆಲ ಇವುಗಳಿಂದ ಕಟ್ಟಬಹುದು. ಗೌರವದ ಪ್ರಶ್ನೆ ಅವುಗಳ ಹಿಂದಿನಿಂದ ತಾನಾಗಿಯೇ ಬಂದು ನಿಲ್ಲುತ್ತದೆ.

ಚೌಡಮ್ಮನಿಗೆ ಮೇಲ್ನೋಟಕ್ಕೆ ಬೇಕಾಗಿರುವುದು ಅಕ್ಕಿ. ಇದು ಹೊರಗಿನ ಬಯಕೆ. ಕಣ್ಣಿಗೆ ಕಾಣುವಂಥದ್ದು, ಸಿಕ್ಕಿತೋ ಇಲ್ಲವೋ ಎಂದು ಕೂಡಲೇ ಹೇಳಬಹುದಾದದ್ದು. ಅದರ ಅಡಿಯಲ್ಲಿ ಇನ್ನೊಂದು ಬಯಕೆಯನ್ನು ಇಡೋಣ, ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳದಂಥದ್ದು. ಅವಳಿಗೊಬ್ಬ ಮಗನಿದ್ದಾನೆ, ತಿಮ್ಮಪ್ಪ. ಎರಡು ವರ್ಷದ ಹಿಂದೆ ಹೆಂಡತಿಯೊಡನೆ ಬೇರೆ ಹೋಗಿ ಅದೇ ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದ್ದಾನೆ. ತಾಯಿಮಗನ ನಡುವೆ ಅಂದಿನಿಂದ ಮಾತಿಲ್ಲ. ಆದರೆ ರೇಷನ್ ಕಾರ್ಡಿನಲ್ಲಿ ಇನ್ನೂ ಇಬ್ಬರ ಹೆಸರೂ ಒಟ್ಟಿಗಿದೆ. ಮಗ ಆ ಕಾಗದದಲ್ಲಾದರೂ ತನ್ನ ಮನೆಯವನಾಗಿ ಉಳಿಯಲಿ ಎಂಬುದು ಚೌಡಮ್ಮನ ಒಳಗಿನ ಬಯಕೆ.

ಈಗ ಚೌಡಮ್ಮನ ಜಾಗದಲ್ಲಿ ಬೇರೆಯವರನ್ನು ನಿಲ್ಲಿಸಲು ಬರುವುದಿಲ್ಲ. ಒಳಗಿನ ಬಯಕೆಯನ್ನು ಆರಿಸುವಾಗ ಅದನ್ನು ಹೊರಗಿನ ಬಯಕೆಯ ಹಾದಿಗೆ ಅಡ್ಡವಾಗುವಂತೆ ಇಡುವುದು ಮುಖ್ಯ. ಎರಡೂ ಒಂದೇ ದಿಕ್ಕಿಗೆ ಎಳೆದರೆ ಪಾತ್ರ ಸುಮ್ಮನೆ ನಡೆದುಹೋಗುತ್ತದೆ, ಎಲ್ಲಿಯೂ ತಡವರಿಸುವುದಿಲ್ಲ.

ಮೂರನೆಯ ಹೆಜ್ಜೆ: ತಡೆ, ಮತ್ತು ತಡೆಯ ತೂತುಗಳು

ಸಂಘರ್ಷವೆಂದ ಕೂಡಲೇ ಜಗಳವನ್ನೋ ದುಷ್ಟನೊಬ್ಬನನ್ನೋ ಹುಡುಕಬೇಕಾಗಿಲ್ಲ. ಇಬ್ಬರಿಗೂ ನ್ಯಾಯವಾಗಿಯೇ ಬೇಕಾದ ಎರಡು ವಸ್ತುಗಳು ಒಂದೇ ಜಾಗದಲ್ಲಿ ಡಿಕ್ಕಿ ಹೊಡೆದರೆ ಸಾಕು. ಕಾರ್ಡಿನಲ್ಲಿ ಹೆಸರಿರುವ ಬೇರೆ ಸದಸ್ಯರು ಬೆರಳು ಇಟ್ಟರೂ ಅಕ್ಕಿ ಸಿಗುತ್ತದೆ. ಅಂದರೆ ಚೌಡಮ್ಮನಿಗೆ ಅಕ್ಕಿ ಬೇಕಾದರೆ ಮಗನ ಮನೆಯ ಮೆಟ್ಟಿಲು ಹತ್ತಬೇಕು. ಇತ್ತ ತಿಮ್ಮಪ್ಪನಿಗೆ ತನ್ನ ಸಂಸಾರಕ್ಕೆ ಬೇರೆ ಕಾರ್ಡು ಬೇಕು. ಅದಕ್ಕೆ ಹಳೆಯ ಕಾರ್ಡಿನಿಂದ ಅವನ ಹೆಸರು ಹೋಗಬೇಕು. ಆಹಾರ ಭದ್ರತಾ ಕಾಯ್ದೆ ಬಂದ 2013ರಿಂದ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿಯಾದ್ದರಿಂದ, ಆ ಅರ್ಜಿಗೆ ತಾಯಿಯ ಬೆರಳಚ್ಚು ಬೇಕೆಂದು ಕಥೆಯಲ್ಲಿ ಇಟ್ಟುಕೊಳ್ಳೋಣ. ಅವಳು ಎರಡು ವರ್ಷದಿಂದ ಏನೇನೋ ನೆವ ಹೇಳಿ ಮುಂದೆ ಹಾಕುತ್ತ ಬಂದಿದ್ದಾಳೆ. ಹೀಗಾಗಿ ಅಕ್ಕಿಗಾಗಿ ಮಗನನ್ನು ಕರೆದುಕೊಂಡು ಬಂದರೆ ಮಗನ ಹೆಸರನ್ನು ಕಳೆದುಕೊಳ್ಳುವ ಕ್ಷಣವನ್ನೂ ಅವಳು ತಾನಾಗಿಯೇ ಕರೆದುಕೊಂಡು ಬಂದಂತೆ. ಇಲ್ಲಿ ಯಾರೂ ಕೆಟ್ಟವರಿಲ್ಲ, ಆದರೂ ದಾರಿ ಕಟ್ಟಿದೆ.

ತಡೆಯನ್ನು ಕಟ್ಟಿದ ಮೇಲೆ ಅದರಲ್ಲಿ ತೂತುಗಳಿವೆಯೇ ಎಂದು ನೋಡಬೇಕು. ಜಾಣ ಓದುಗರೊಬ್ಬರು ಕೇಳುತ್ತಾರೆ: ಬೆರಳು ಹಿಡಿಯದಿದ್ದರೆ ಮೊಬೈಲಿಗೆ ಒಟಿಪಿ ಬರುತ್ತದಲ್ಲ, ಅದನ್ನು ಹೇಳಿದರಾಗದೇ? ಈ ಪ್ರಶ್ನೆಗೆ ಕಥೆಯೊಳಗೇ ಉತ್ತರವಿರಬೇಕು; ಒಳ್ಳೆಯ ಉತ್ತರವಾದರೆ ಅದು ಕಥೆಯನ್ನು ಇನ್ನಷ್ಟು ಬಿಗಿಮಾಡುತ್ತದೆ. ಕಾರ್ಡಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ತಿಮ್ಮಪ್ಪನದು. ಎಲ್ಲ ದಾರಿಗಳೂ ಆ ಮನೆಯ ಬಾಗಿಲಿಗೇ ಹೋಗಿ ಮುಟ್ಟಿದವು. ಕಥೆ ಬರೆಯುವವರು ಇಂಥ ತಿಳಿವಳಿಕೆಗಾಗಿ ಓಡಾಡಲೇಬೇಕು. ಹೆಸರು ತೆಗೆಸುವ ಅರ್ಜಿಯನ್ನು ಎಲ್ಲಿ ಹಾಕುತ್ತಾರೆ, ಯಾರ ಗುರುತು ಕೇಳುತ್ತಾರೆ, ಯಂತ್ರ ಒಪ್ಪಿದಾಗ ಪರದೆಯ ಮೇಲೆ ಏನು ಕಾಣುತ್ತದೆ ಎಂಬುದನ್ನು ಒಂದು ಬೆಳಿಗ್ಗೆ ಅಂಗಡಿಯ ಸಾಲಿನಲ್ಲಿ ನಿಂತು ನೋಡಿಬಂದರೆ, ಮನೆಯಲ್ಲಿ ಕುಳಿತು ಕಲ್ಪಿಸಿಕೊಂಡ ಹತ್ತು ಪುಟಕ್ಕಿಂತ ಹೆಚ್ಚು ಸಿಗುತ್ತದೆ. ಊಹಿಸಿ ಇಟ್ಟುಕೊಂಡ ಸಂಗತಿ ತಪ್ಪೆಂದು ತಿಳಿದರೆ ನಿಯಮವನ್ನು ತಿರುಚದೆ ಹಂದರವನ್ನು ಬದಲಿಸಿ.

ನಾಲ್ಕನೆಯ ಹೆಜ್ಜೆ: ಎಲ್ಲಿ ತೊಡಗುವುದು, ಹೇಗೆ ಏರಿಸುವುದು

ಚೌಡಮ್ಮನ ಮದುವೆಯಿಂದ, ಮಗ ಹುಟ್ಟಿದ್ದರಿಂದ, ಅವನು ಬೇರೆ ಹೋದ ಜಗಳದಿಂದ ಕಥೆಯನ್ನು ತೊಡಗಿಸುವ ಸೆಳೆತ ಬರುತ್ತದೆ, ಏಕೆಂದರೆ ನಡೆದ ಕ್ರಮ ಅದೇ. ಆದರೆ ಬಾಳು ನಡೆದ ಕ್ರಮವೂ ಕಥೆ ಹೇಳುವ ಕ್ರಮವೂ ಒಂದೇ ಆಗಬೇಕೆಂದಿಲ್ಲ. ಇನ್ನು ಮುಂದೂಡಲಾಗದ ಗಳಿಗೆಯಲ್ಲಿ ತೊಡಗುವುದು ಸಣ್ಣಕಥೆಗೆ ಒಗ್ಗುವ ರೀತಿ. ಯು.ಆರ್. ಅನಂತಮೂರ್ತಿಯವರ 1965ರ ‘ಸಂಸ್ಕಾರ’ ಕಾದಂಬರಿಯಾದರೂ ಈ ಪಾಠವನ್ನು ಅದರಷ್ಟು ಚೆನ್ನಾಗಿ ಕಲಿಸುವ ಕೃತಿ ಕಡಿಮೆ. ನಾರಣಪ್ಪ ಬದುಕಿದ್ದಾಗ ಅಗ್ರಹಾರವನ್ನು ಹೇಗೆಲ್ಲ ಕಾಡಿದನೆಂಬುದು ದೊಡ್ಡ ಕಥೆ. ಆದರೆ ಕಾದಂಬರಿ ತೊಡಗುತ್ತಲೇ ಅವನು ಸತ್ತಿದ್ದಾನೆ. ಸಂಸ್ಕಾರ ಮಾಡುವವರು ಯಾರೆಂದು ತೀರ್ಮಾನವಾಗಬೇಕು. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಹಸಿವು ಮತ್ತು ಕೊಳೆಯುವ ಹೆಣ, ಎರಡೂ ಕಾಯುವುದಿಲ್ಲ. ಹೀಗೆ ಗಡುವಿನೊಡನೆ ತೊಡಗಿದ ಕಥೆಯಲ್ಲಿ ಹಳೆಯ ಸಂಗತಿಗಳನ್ನು ಎಲ್ಲಿ ಬೇಕಾದರೂ ಸ್ವಲ್ಪಸ್ವಲ್ಪವಾಗಿ ಹೇಳಬಹುದು. ಮುಂದೇನೆಂಬ ಆತಂಕ ಓದುಗರನ್ನು ಹಿಡಿದು ನಿಲ್ಲಿಸಿರುತ್ತದೆ. ನಮ್ಮ ಕಥೆ ಹೆಬ್ಬೆಟ್ಟು ಒಪ್ಪಿಗೆಯಾಗದ ಗಳಿಗೆಯಲ್ಲಿ ತೊಡಗಲಿ. ಅಂದು ತಿಂಗಳ ಕೊನೆಯ ದಿನ. ಆ ತಿಂಗಳ ಅಕ್ಕಿಗೆ ಇನ್ನೊಂದು ದಿನವಿಲ್ಲ.

ನಡುವಿನ ಭಾಗ ಸಡಿಲವಾಗುವುದು ಹೊಸಬರ ದೊಡ್ಡ ತೊಂದರೆ. ಇದಕ್ಕೆ ನಾಟ್ಯಶಾಸ್ತ್ರ ಹೇಳುವ ಐದು ಕಾರ್ಯಾವಸ್ಥೆಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಬಯಕೆ ಮೂಡುತ್ತದೆ, ಅದಕ್ಕಾಗಿ ಪ್ರಯತ್ನ ನಡೆಯುತ್ತದೆ, ಸಿಕ್ಕೀತೆಂಬ ಆಸೆ ಕಾಣುತ್ತದೆ, ಸಿಗುವುದು ಖಚಿತವಾಗುತ್ತದೆ, ಫಲ ಕೈಸೇರುತ್ತದೆ. ಸಣ್ಣಕಥೆಗೆ ಈ ಐದೂ ಒಂದೇ ಅಳತೆಯಲ್ಲಿ ಬೇಕಾಗಿಲ್ಲ. ಮೂರನೆಯ ಅವಸ್ಥೆಯನ್ನು ಮಾತ್ರ ಬಿಡಬಾರದೆಂಬುದು ನನ್ನ ಅಭಿಪ್ರಾಯ. ಆಸೆ ಒಮ್ಮೆ ಚಿಗುರದಿದ್ದರೆ ಅದು ಚಿವುಟಿಹೋದಾಗ ಯಾರಿಗೂ ನೋಯುವುದಿಲ್ಲ. ಬರೀ ಕಷ್ಟದ ಮೇಲೆ ಕಷ್ಟ ಹೇರುತ್ತ ಹೋಗುವ ಕಥೆಗಳು ಓದುಗರನ್ನು ಮರಗಟ್ಟಿಸುವುದು ಈ ಕಾರಣಕ್ಕೆ. ಚೌಡಮ್ಮನ ಕಥೆಯಲ್ಲಿ ಆ ಆಸೆ ಎಲ್ಲಿ ಬರುತ್ತದೆ? ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ತಿರುವಿನಲ್ಲಿ ತಾಯಿಮಗ ಇಬ್ಬರೂ ಬರುವುದು ಕಾಣುತ್ತದೆ. ಮಗ ಬಂದಿದ್ದಾನೆ. ಅಕ್ಕಿ ಸಿಗುತ್ತದೆ. ಇನ್ನೂ ಹೆಚ್ಚಿನದೇನಾದರೂ ಆಗಬಹುದೇ ಎಂಬ ಆಸೆ ಅಲ್ಲಿ ಒಂದು ಗಳಿಗೆ ಮಿನುಗಬೇಕು.

ಐದನೆಯ ಹೆಜ್ಜೆ: ಯಾರು ಹೇಳುತ್ತಿದ್ದಾರೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕಥೆಯ ಎಲ್ಲ ಅಂಗಗಳಲ್ಲಿ ಅತಿ ಹೆಚ್ಚು ಅವಸರದಿಂದ ತೀರ್ಮಾನವಾಗುವುದು ನಿರೂಪಕನ ಆಯ್ಕೆ, ಅತಿ ಹೆಚ್ಚು ಪರಿಣಾಮ ಮಾಡುವುದೂ ಅದೇ. ‘ನಾನು’ ಎಂದು ಬರೆಯುವುದೋ ‘ಅವಳು’ ಎಂದು ಬರೆಯುವುದೋ ಎಂಬುದಕ್ಕೆ ಈ ಪ್ರಶ್ನೆ ಮುಗಿಯುವುದಿಲ್ಲ. ಕನ್ನಡದಲ್ಲಿ ಮೊದಲ ವಾಕ್ಯದ ಕ್ರಿಯಾಪದವೇ ನಿರೂಪಕ ಎಲ್ಲಿ ನಿಂತಿದ್ದಾನೆಂಬುದನ್ನು ಬಯಲು ಮಾಡುತ್ತದೆ. ‘ಚೌಡಮ್ಮ ಸೆರಗಿಗೆ ಬೆರಳು ಒರೆಸಿ ಮತ್ತೊಮ್ಮೆ ಇಟ್ಟಳು’ ಎಂದರೆ ನಿರೂಪಕ ಅವಳ ಹತ್ತಿರವಿದ್ದಾನೆ. ‘ಚೌಡಮ್ಮನವರು ಮತ್ತೊಮ್ಮೆ ಇಟ್ಟರು’ ಎಂದರೆ ಗೌರವವಿದೆ, ಜೊತೆಗೆ ನಾಲ್ಕು ಮಾರು ದೂರವೂ ಇದೆ. ‘ಮುದುಕಿ ಮತ್ತೊಮ್ಮೆ ಇಟ್ಟಿತು’ ಎಂದರೆ ಅದು ತಾತ್ಸಾರವೂ ಆಗಬಹುದು, ಊರಿನವರ ಸಲುಗೆಯೂ ಆಗಬಹುದು. ಆ ಕಡೆಯ ಹವ್ಯಕ ಬ್ರಾಹ್ಮಣರು ಆಡುವ ಕನ್ನಡದಲ್ಲಾದರೆ ಹೆಂಗಸರ ಬಗ್ಗೆ ‘ಬಂತು, ಹೋತು’ ಎನ್ನುವುದು ಸಹಜವಾದ ಮಾತೇ. ಅವಳು, ಆಕೆ, ಅವರು ಎಂಬ ಮೂರು ಮಾತುಗಳನ್ನು ಒಂದೇ ಪಾತ್ರಕ್ಕೆ ಪುಟಕ್ಕೊಂದರಂತೆ ಬದಲಿಸುತ್ತ ಹೋದರೆ ಹೇಳುವವರ ನಿಲುವೇ ಅಲುಗಾಡುತ್ತದೆ.

ಇನ್ನೊಂದು ಸಾಧನ ನಮ್ಮ ಭಾಷೆಯಲ್ಲಿದೆ, ಅದೇ ‘ಅಂತೆ’. ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನಂತೆ ಎಂದು ಅಜ್ಜಿ ತೊಡಗಿದಾಗ, ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂದು ಆ ಒಂದು ಪ್ರತ್ಯಯವೇ ಹೇಳಿಬಿಡುತ್ತದೆ. ‘ಚೌಡಮ್ಮನ ಬೆರಳನ್ನು ಮಿಷನ್ನು ತಗೊಳ್ಳಲಿಲ್ಲವಂತೆ, ಕೊನೆಗೆ ಮಗನ ಮನೆ ಬಾಗಿಲಿಗೇ ಹೋದಳಂತೆ’ ಎಂದು ಬರೆದರೆ ಇಡೀ ಊರೇ ನಿರೂಪಕನಾಗುತ್ತದೆ. ಕಥೆಗೆ ಸುದ್ದಿಯ ರುಚಿ, ಸಣ್ಣ ಕ್ರೌರ್ಯ, ನಂಬಬಹುದೋ ಬಾರದೋ ಎಂಬ ಅನುಮಾನ ಎಲ್ಲ ಬಂದು ಸೇರುತ್ತವೆ.

ಈ ಕಥೆಯನ್ನು ಯಾರ ಬಾಯಲ್ಲಿ ಹೇಳಿಸುವುದು? ನನಗೆ ಮೊದಲು ತೋಚಿದ್ದು ಚೌಡಮ್ಮನ ಮನಸ್ಸಿನ ಒಳಗಿನಿಂದ ಹೇಳುವುದು. ಬರೆಯಲು ಹೋದರೆ ಒಂದು ತೊಡಕು ಎದುರಾಗುತ್ತದೆ. ಮಗನ ಹೆಸರು ಉಳಿಯಲೆಂದೇ ಅವಳು ಎರಡು ವರ್ಷದಿಂದ ನೆವ ಹೇಳುತ್ತಿದ್ದಾಳೆ. ಅವಳ ಮನಸ್ಸಿನೊಳಗೆ ಕುಳಿತ ನಿರೂಪಕನಿಗೆ ಇದು ಮೊದಲ ಸಾಲಿನಿಂದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಕೊನೆಯವರೆಗೆ ಮುಚ್ಚಿಟ್ಟರೆ ಓದುಗರಿಗೆ ಮೋಸ ಮಾಡಿದಂತೆ. ಮೊದಲೇ ಹೇಳಿದರೆ ಓದುಗರು ತಾವಾಗಿ ಕಂಡುಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ತಿಮ್ಮಪ್ಪನಿಂದ ಹೇಳಿಸಿದರೆ ಅಂಗಡಿಯಲ್ಲಿ ಬೆಳಿಗ್ಗೆ ನಡೆದ ಅವಮಾನ ಅವನ ಕಣ್ಣಿಗೆ ಬೀಳುವುದಿಲ್ಲ.

ಉಳಿದವನು ಅಂಗಡಿಯ ಹುಡುಗ. ಯಂತ್ರವನ್ನು ಹಿಡಿದು ಕುಳಿತವನು ಅವನು. ಪಕ್ಕದ ಮೇಜಿನಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಕೆಲಸವನ್ನೂ ಅವನೇ ನೋಡಿಕೊಳ್ಳುತ್ತಾನೆ, ಆದ್ದರಿಂದ ತಿಮ್ಮಪ್ಪ ಹೆಸರು ತೆಗೆಸಲು ಎಷ್ಟು ಸಲ ಬಂದಿದ್ದನೆಂಬುದು ಅವನಿಗೆ ಗೊತ್ತು. ಕಾರ್ಡಿನಲ್ಲಿರುವುದೆಲ್ಲ ಅವನಿಗೆ ತಿಳಿದಿದೆ, ಮನಸ್ಸಿನಲ್ಲಿರುವುದು ತಿಳಿದಿಲ್ಲ. ಈ ಕಥೆಗೆ ಬೇಕಾದ ಅಳತೆಯ ತಿಳಿವಳಿಕೆ ಅದೇ: ಓದುಗರು ಅವನು ಕಂಡದ್ದರಿಂದ ಅವನು ಕಾಣದ್ದನ್ನು ಊಹಿಸಿಕೊಳ್ಳುತ್ತಾರೆ. ಅಷ್ಟೇ ಅಲ್ಲ, ಅವನನ್ನು ಬರೀ ಸಾಕ್ಷಿಯಾಗಿ ನಿಲ್ಲಿಸಬಾರದು, ಅವನಿಗೂ ಒಂದು ಮುಳ್ಳು ಚುಚ್ಚಿರಬೇಕು. ಹೆಬ್ಬೆಟ್ಟು ಒಪ್ಪದಿದ್ದರೆ ಉಳಿದ ಬೆರಳುಗಳನ್ನು ಒಂದೊಂದಾಗಿ ಇಡಿಸಿ ನೋಡಬಹುದಿತ್ತು. ಸಾಲು ಉದ್ದವಿತ್ತು, ಜನ ಗೊಣಗುತ್ತಿದ್ದರು, ಅವನು ನೋಡಲಿಲ್ಲ. ‘ಅಜ್ಜಿ, ಪಕ್ಕಕ್ಕೆ ಸರೀರಿ’ ಎಂದ. ಅವಳು ಮಗನ ಬಾಗಿಲಿಗೆ ಹೋಗಬೇಕಾದದ್ದು ಅವನ ಆ ಅವಸರದಿಂದ. ಹೀಗೆ ನಿರೂಪಕನಿಗೆ ಈ ಕಥೆಯನ್ನು ಹೇಳಲೇಬೇಕಾದ ಕಾರಣ ಸಿಕ್ಕಿತು. ಮೊದಲ ವಾಕ್ಯವೂ ಅದರಿಂದಲೇ ಹುಟ್ಟುತ್ತದೆ: ‘ಮನುಷ್ಯನಿಗೆ ಹತ್ತು ಬೆರಳಿರುತ್ತವೆ, ನಾನು ಅಂದು ಒಂದನ್ನೇ ಇಡಿಸಿ ನೋಡಿದೆ.’

ನಿಮ್ಮ ಹಾಳೆಯ ಮೇಲೆ ಸಾಧ್ಯವಿರುವ ಎಲ್ಲ ನಿರೂಪಕರ ಹೆಸರು ಬರೆದು, ಪ್ರತಿಯೊಬ್ಬರ ಮುಂದೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇವರಿಗೆ ಏನು ಗೊತ್ತು? ಏನು ಗೊತ್ತಿಲ್ಲ? ಇದನ್ನು ಹೇಳದೆ ಇರಲಾಗದಂತೆ ಇವರನ್ನು ಕಾಡುತ್ತಿರುವುದೇನು? ಮೂರನೆಯದಕ್ಕೆ ಉತ್ತರವಿಲ್ಲದವರನ್ನು ಕೈಬಿಡಿ.

ಆರನೆಯ ಹೆಜ್ಜೆ: ಆವರಣವನ್ನು ಕೆಲಸದಿಂದ ಕಟ್ಟುವುದು

ಹಸಿರು ಬೆಟ್ಟ, ಜಿಟಿಜಿಟಿ ಮಳೆ, ಹಂಚಿನ ಮನೆ ಎಂದು ಬರೆದರೆ ಮಲೆನಾಡು ಬಂದಂತಾಗುವುದಿಲ್ಲ. ಆ ಮಲೆನಾಡು ಕ್ಯಾಲೆಂಡರಿನಲ್ಲಿಯೂ ಸಿಗುತ್ತದೆ. ಜಾಗವನ್ನು ನಿಜ ಮಾಡುವುದು ಅಲ್ಲಿನ ಜನ ಕೈಯಿಂದ ಮಾಡುವ ಕೆಲಸ. ದೀಪಾವಳಿಯ ಆಸುಪಾಸಿನಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ತೊಡಗಿದ ಮೇಲೆ ಹಸಿ ಅಡಿಕೆಯನ್ನು ಕೂಡಿಡುವಂತಿಲ್ಲ; ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಒಗರು ರಸದಲ್ಲಿ) ಬೇಯಿಸಿ, ಅಟ್ಟದ ಮೇಲೆ ಒಣಗಿಸಬೇಕು. ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಸುಲಿಯುತ್ತಾರೆ. ಸುಲಿದದ್ದನ್ನು ಡಬ್ಬದ ಲೆಕ್ಕದಲ್ಲಿ ಅಳೆದು ಕೂಲಿ ಕೊಡುತ್ತಾರೆ. ಬೆರಳುಗಳಿಗೆ ಹತ್ತಿದ ಚೊಗರಿನ ಕಪ್ಪು ಎಷ್ಟು ತೊಳೆದರೂ ಬೇಗ ಹೋಗುವುದಿಲ್ಲ. ಇವುಗಳಲ್ಲಿ ಯಾವುದನ್ನೂ ವರ್ಣನೆಗಾಗಿ ವರ್ಣನೆಯೆಂದು ತರಬೇಕಾಗಿಲ್ಲ, ಏಕೆಂದರೆ ಕಥೆಯ ಕಾರಣವೇ ಅಲ್ಲಿದೆ. ಅವಳ ಗುರುತನ್ನು ಅಳಿಸಿದ್ದು ಅವಳ ದುಡಿಮೆ.

ಆವರಣದ ವಿವರಗಳನ್ನು ಆರಿಸಲು ನಾನು ಬಳಸುವ ಅಳತೆಗೋಲು ಇದು: ನಿರೂಪಕನ ಕೆಲಸಕ್ಕೆ ಸಂಬಂಧಿಸಿದ್ದನ್ನೇ ಅವನು ಮೊದಲು ನೋಡುತ್ತಾನೆ. ಅಂಗಡಿಯ ಹುಡುಗ ಮುಖಕ್ಕಿಂತ ಮೊದಲು ಬೆರಳನ್ನು ನೋಡುವವನು. ಚೊಗರು ಹಿಡಿದ ಬೆರಳು, ಸಿಮೆಂಟು ತಿಂದ ಬೆರಳು, ಶಾಲೆಯ ಮಕ್ಕಳ ಶಾಯಿ ಹತ್ತಿದ ಬೆರಳು, ಹೀಗೆ ಅವನು ಊರನ್ನೇ ಬೆರಳುಗಳಿಂದ ಗುರುತಿಸುತ್ತಾನೆ. ಸಂಜೆಯ ಸೂರ್ಯನ ಬಗ್ಗೆ ಅವನು ಅರ್ಧ ಪುಟ ಮಾತಾಡಿದರೆ ಅದು ಲೇಖಕರು ನಡುವೆ ಬಾಯಿ ಹಾಕಿದಂತೆ.

ಏಳನೆಯ ಹೆಜ್ಜೆ: ಮಾತು

ಪಾತ್ರಗಳು ತಮಗೆ ಆಗಲೇ ಗೊತ್ತಿರುವುದನ್ನು ಓದುಗರಿಗಾಗಿ ಪರಸ್ಪರ ಹೇಳಿಕೊಳ್ಳಬಾರದು. ‘ಅವ್ವಾ, ಎರಡು ವರ್ಷದ ಹಿಂದೆ ನಾನು ಬೇರೆ ಮನೆ ಮಾಡಿದ ಮೇಲೆ ನಾವಿಬ್ಬರೂ ಮಾತು ಬಿಟ್ಟಿದ್ದೇವೆ’ ಎಂದು ಯಾವ ಮಗನೂ ತಾಯಿಗೆ ಹೇಳುವುದಿಲ್ಲ. ಆ ಸಂಗತಿಯನ್ನು ಹುಡುಗ ಒಂದು ವಾಕ್ಯದಲ್ಲಿ ಹೇಳಿ ಮುಗಿಸಲಿ. ತಾಯಿಮಗ ಅಂಗಡಿಗೆ ಬಂದಾಗ ಅವರ ನಡುವೆ ಮಾತು ಕಡಿಮೆಯಾದಷ್ಟೂ ಒಳ್ಳೆಯದು. ಮಗ ತೋಟದಿಂದ ನೇರವಾಗಿ ಬಂದಿದ್ದಾನೆ, ಕಾಲಿನಲ್ಲಿ ಕೆಸರಿದೆ. ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಬೆರಳು ಇಡುವ ಮೊದಲು ಅವಳು ಕೇಳುತ್ತಾಳೆ: ‘ಬೆಳಗಿಂದ ಏನಾರ ಉಂಡಿಯಾ?’ ಅವನು ಉತ್ತರ ಕೊಡದೆ ಬೆರಳಿಡುತ್ತಾನೆ. ಎರಡು ವರ್ಷದ ಮೌನ ಆ ಪ್ರಶ್ನೆಯಲ್ಲಿಯೂ ಆ ನಿರುತ್ತರದಲ್ಲಿಯೂ ಇದೆ. ಅದಕ್ಕೆ ಅರ್ಥ ಬಿಡಿಸಿ ಹೇಳುವ ವಾಕ್ಯ ಸೇರಿಸಿದರೆ ಇದ್ದದ್ದೂ ಹೋಗುತ್ತದೆ.

ಆಡುನುಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಒಂದು ಸೀಮೆಯ ಮಾತನ್ನು ಕಿವಿಯಾರೆ ಕೇಳಿ ಬೆಳೆದಿಲ್ಲದಿದ್ದರೆ ಅದನ್ನು ಪುಟಗಟ್ಟಲೆ ಬರೆಯಲು ಹೋಗಬೇಡಿ. ಒಂದು ತಪ್ಪು ಪ್ರತ್ಯಯ ಆ ಸೀಮೆಯವರ ನಂಬಿಕೆಯನ್ನೆಲ್ಲ ಕೆಡಿಸುತ್ತದೆ. ಕರೆಯುವ ರೀತಿ ಸರಿಯಿದ್ದರೆ ಬಹುಪಾಲು ಕೆಲಸ ಆದಂತೆ. ಹುಡುಗ ಅವಳನ್ನು ‘ಅಜ್ಜಿ’ ಎಂದು ಬಹುವಚನದಲ್ಲಿ ಮಾತಾಡಿಸುತ್ತಾನೆ, ಅವಳು ಅವನನ್ನು ‘ತಮ್ಮ’ ಎನ್ನುತ್ತಾಳೆ. ಮಗ ಕೋಪದಲ್ಲಿದ್ದರೂ ತಾಯಿಗೆ ‘ನೀನು’ ಎಂದೇ ಹೇಳುತ್ತಾನೆ. ಅವನು ಒಮ್ಮೆ ‘ನೀವು’ ಎಂದುಬಿಟ್ಟರೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ಎಂಟನೆಯ ಹೆಜ್ಜೆ: ಕೊನೆ

ಮೊದಲು ಹೊಳೆದ ಎರಡು ಕೊನೆಗಳನ್ನು ಬರೆದು ಪಕ್ಕಕ್ಕಿಡುವುದು ನನ್ನ ಪದ್ಧತಿ, ಏಕೆಂದರೆ ಅವು ಓದುಗರಿಗೂ ಮೊದಲೇ ಹೊಳೆದಿರುತ್ತವೆ. ಒಂದರಲ್ಲಿ ಹುಡುಗ ಪಶ್ಚಾತ್ತಾಪಪಟ್ಟು ತನ್ನ ಮನೆಯ ಅಕ್ಕಿಯನ್ನು ಅಜ್ಜಿಗೆ ಕೊಡುತ್ತಾನೆ. ಇದರಲ್ಲಿ ಕರುಣೆಯಿದೆ, ಆದರೆ ಚೌಡಮ್ಮನ ಒಳಗಿನ ಬಯಕೆಗೆ ಉತ್ತರವಿಲ್ಲ. ಇನ್ನೊಂದರಲ್ಲಿ ತಾಯಿಮಗ ಅಂಗಡಿಯ ಮುಂದೆಯೇ ತಬ್ಬಿಕೊಂಡು ಅಳುತ್ತಾರೆ. ಎರಡು ವರ್ಷದ ಬಿರುಕು ಒಂದು ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುವಂಥದ್ದು ಈ ಕಥೆಯಲ್ಲಿ ಏನೂ ನಡೆದಿಲ್ಲ.

ಕೊನೆಯನ್ನು ಹೊರಗಿನಿಂದ ತರುವ ಅಗತ್ಯವಿಲ್ಲ. ಈಗಾಗಲೇ ಕಥೆಯೊಳಗೆ ಇಟ್ಟಿರುವ ವಸ್ತುಗಳನ್ನು ತಿರುಗಿ ನೋಡಬೇಕು. ನಮ್ಮ ಬಳಿ ಇರುವುದು ಒಂದು ಯಂತ್ರ, ಸವೆದ ಹತ್ತು ಬೆರಳು, ಒಂದು ಅರ್ಜಿ, ಹುಡುಗನ ತಪ್ಪು. ಮಗನ ಬೆರಳನ್ನು ಯಂತ್ರ ಕೂಡಲೇ ಒಪ್ಪುತ್ತದೆ. ಅಕ್ಕಿ ಚೀಲಕ್ಕೆ ಬೀಳುತ್ತದೆ. ಆಗ ತಿಮ್ಮಪ್ಪ, ಹೇಗೂ ಇಬ್ಬರೂ ಬಂದಿದ್ದೇವೆ, ಆ ಹೆಸರು ತೆಗೆಯುವುದನ್ನು ಮುಗಿಸಿಬಿಡು ಎನ್ನುತ್ತಾನೆ. ಚೌಡಮ್ಮ ಏನೂ ಹೇಳದೆ ಕೈ ಚಾಚುತ್ತಾಳೆ. ಇದು ಅವಳ ಆಯ್ಕೆ, ಎರಡು ವರ್ಷದಿಂದ ಹಿಡಿದಿದ್ದನ್ನು ಅವಳು ಬಿಟ್ಟುಕೊಟ್ಟಿದ್ದಾಳೆ. ಹುಡುಗ ಬೆಳಿಗ್ಗೆ ಮಾಡದಿದ್ದನ್ನು ಈಗ ಮಾಡುತ್ತಾನೆ, ಒಂದೊಂದೇ ಬೆರಳನ್ನು ಇಡಿಸುತ್ತ ಹೋಗುತ್ತಾನೆ. ಎಡಗೈಯ ಉಂಗುರದ ಬೆರಳಿಗೆ ಯಂತ್ರ ಒಪ್ಪಿಬಿಡುತ್ತದೆ. ಪರದೆ ಅವನ ಕಡೆಗಿದೆ, ಅವರಿಬ್ಬರಿಗೂ ಕಾಣುವುದಿಲ್ಲ. ಅವನು ಅದನ್ನು ರದ್ದು ಮಾಡಿ ಹೇಳುತ್ತಾನೆ: ‘ಯಾವ್ದೂ ತಗಳ್ತಿಲ್ಲ ತಿಮ್ಮಪ್ಪಣ್ಣ. ಮುಂದಿನ ತಿಂಗ್ಳು ಅಜ್ಜೀನ ಮತ್ತೆ ಕರ್ಕೊಂಡ್ ಬನ್ನಿ.’

ಈ ಕೊನೆಯಲ್ಲಿ ಬೆಳಗಿನ ಸತ್ಯಕ್ಕಿಂತ ಮಧ್ಯಾಹ್ನದ ಸುಳ್ಳು ಹೆಚ್ಚು ಕರುಣೆಯದ್ದಾಗಿದೆ, ಅದೇ ಹೊತ್ತಿಗೆ ತಿಮ್ಮಪ್ಪನಿಗೆ ಅನ್ಯಾಯವೂ ಆಗಿದೆ. ಅವನ ಮಕ್ಕಳಿಗೂ ಅಕ್ಕಿ ಬೇಕು. ಹುಡುಗ ಮಾಡಿದ್ದು ಸರಿಯೇ ಎಂದು ಲೇಖಕರು ತೀರ್ಪು ಕೊಡಬೇಕಾಗಿಲ್ಲ, ಹುಡುಗನ ಬಾಯಲ್ಲಿಯೂ ಹೇಳಿಸಬಾರದು. ಆಶಯವೆಂದು ವಿಮರ್ಶಕರು ಕರೆಯುವುದು ಈ ಇಬ್ಬಂದಿಯಲ್ಲಿಯೇ ಇದೆ. ಬರೆಯಲು ಕುಳಿತಾಗ ಅದರ ಹೆಸರು ನಿಮಗೆ ತಿಳಿದಿರಬೇಕಾಗಿಲ್ಲ.

ಒಂಬತ್ತನೆಯ ಹೆಜ್ಜೆ: ತಿದ್ದುವುದು

ಮೊದಲ ಕರಡನ್ನು ಒಂದು ವಾರ ಮುಚ್ಚಿಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಗೆ ಎಲ್ಲಿ ಎಡವುತ್ತದೋ ಅಲ್ಲಿ ವಾಕ್ಯ ಸಡಿಲವಾಗಿದೆ. ಮೊದಲ ಪರಿಚ್ಛೇದವನ್ನು ಬೆರಳಿನಿಂದ ಮುಚ್ಚಿಕೊಂಡು ಎರಡನೆಯದರಿಂದ ಓದಿ ನೋಡಿ. ಏನೂ ಕಳೆದಂತೆ ಅನ್ನಿಸದಿದ್ದರೆ ಮೊದಲನೆಯದನ್ನು ತೆಗೆದುಬಿಡಿ. ‘ಅವಳಿಗೆ ಬಹಳ ದುಃಖವಾಯಿತು’, ‘ಅವನ ಮನಸ್ಸು ಕಲಕಿತು’ ಎಂಬ ಬಗೆಯ ವಾಕ್ಯಗಳ ಕೆಳಗೆ ಗೆರೆ ಎಳೆದು, ಪ್ರತಿಯೊಂದರ ಜಾಗದಲ್ಲಿ ಆ ಗಳಿಗೆಯಲ್ಲಿ ಅವರ ಕೈಗಳು ಏನು ಮಾಡುತ್ತಿದ್ದವು ಎಂಬುದನ್ನು ಬರೆಯಿರಿ. ಕೊನೆಯ ಘಟನೆಗೆ ಬೇಕಾದ ಬೀಜ ಮೊದಲೇ ಬಿದ್ದಿದೆಯೇ ಎಂದು ನೋಡಿ: ಪರದೆ ಹುಡುಗನ ಕಡೆಗಷ್ಟೇ ತಿರುಗಿದೆ ಎಂಬ ಮಾತು ಬೆಳಗಿನ ದೃಶ್ಯದಲ್ಲಿಯೇ, ಯಾರ ಗಮನಕ್ಕೂ ಬಾರದಂತೆ, ಒಮ್ಮೆ ಬಂದುಹೋಗಿರಬೇಕು. ಅದು ಬಂದಿಲ್ಲದಿದ್ದರೆ ಹಿಂದಕ್ಕೆ ಹೋಗಿ, ಚೌಡಮ್ಮ ಕತ್ತು ಚಾಚಿ ‘ಏನಂತದೆ ತಮ್ಮ ಅದು?’ ಎಂದು ಕೇಳುವ ಒಂದು ಸಾಲನ್ನು ಸೇರಿಸಿ.